ಮಲಪ್ರಭೆಯಿಂದ ವಾಟರ್ಲೂವರೆಗೆ

(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)

 

ಇವತ್ತು ನಾನು ಮಾತನಾಡಲಿರುವುದು ವಾಟರ್ಲೂ ದಂಡಯಾತ್ರೆಯ ಬಗ್ಗೆ. ಸನವಳ್ಳಿಯಲ್ಲಿ ಕುಳಿತು ವಾಟರ್ಲೂ ಯಾಕೆ ಎಂದು ನೀವು ಕೇಳಬಹುದು. ಪಠ್ಯಪುಸ್ತಕದಲ್ಲಿ ನೆಪೋಲಿಯನ್ ಒಂದು ಪಾಠ, ಟಿಪ್ಪು ಸುಲ್ತಾನರು ಇನ್ನೊಂದು ಪಾಠ. ಎರಡರ ನಡುವೆ ಎಷ್ಟೋ ಪುಟಗಳಿವೆ. ಪರೀಕ್ಷೆಗೆ ಓದುವವರಿಗೆ ಅವು ಎರಡು ಬೇರೆ ಬೇರೆ ಪ್ರಪಂಚಗಳಂತೆ ಕಾಣುತ್ತವೆ. ಆದರೆ ವಾಟರ್ಲೂವಿನಲ್ಲಿ ಗೆದ್ದ ಸೇನಾಪತಿ, ಅದಕ್ಕೆ ಹದಿನೈದು ವರ್ಷ ಮೊದಲು ರಾಣೆಬೆನ್ನೂರು, ಸವಣೂರು, ಕುಂದಗೋಳ, ಕಿತ್ತೂರಿನ ಕಡೆ ಮಳೆಯಲ್ಲಿ ನೆನೆಯುತ್ತ ಕುದುರೆ ಓಡಿಸಿದವನು. ಅವನ ಪತ್ರಗಳಲ್ಲಿ ನಮ್ಮ ಹಳಿಯಾಳದ ಹೆಸರು ಬರುತ್ತದೆ, ಸೋಂದೆಯ ಹೆಸರು ಬರುತ್ತದೆ. ಈ ಎರಡು ಪಾಠಗಳನ್ನು ಜೋಡಿಸುವುದೇ ಇಂದಿನ ನನ್ನ ಕೆಲಸ.

ಮೊದಲು ವಾಟರ್ಲೂವಿನ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ 1814ರಲ್ಲಿ ಸೋತು ಎಲ್ಬಾ ದ್ವೀಪಕ್ಕೆ ಹೋಗಿದ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದು 1815ರ ಮಾರ್ಚ್‌ನಲ್ಲಿ ಮತ್ತೆ ಪ್ಯಾರಿಸ್ಸಿನ ಗದ್ದುಗೆ ಏರಿದ. ಯೂರೋಪಿನ ರಾಜರೆಲ್ಲ ಅವನ ವಿರುದ್ಧ ಒಂದಾದರು. ಅವರೆಲ್ಲರ ಸೈನ್ಯ ಸೇರುವ ಮೊದಲೇ ಹತ್ತಿರದಲ್ಲಿದ್ದ ಎರಡು ಸೈನ್ಯಗಳನ್ನು ಬೇರೆ ಬೇರೆಯಾಗಿ ಹೊಡೆಯಬೇಕೆಂಬುದು ನೆಪೋಲಿಯನ್ನನ ಯೋಜನೆ. ಒಂದು, ವೆಲ್ಲಿಂಗ್ಟನ್ನನ ಕೈಕೆಳಗಿದ್ದ ಬ್ರಿಟಿಷ್, ಡಚ್, ಜರ್ಮನ್ ಸಿಪಾಯಿಗಳ ಮಿಶ್ರ ಸೈನ್ಯ. ಇನ್ನೊಂದು, ಎಪ್ಪತ್ತು ದಾಟಿದ ಮುದುಕ ಬ್ಲೂಷರನ ಪ್ರಷ್ಯನ್ ಸೈನ್ಯ.

ಜೂನ್ 15ರಂದು ನೆಪೋಲಿಯನ್ ಗಡಿ ದಾಟಿದ. 16ರಂದು ಲಿನ್ಯಿ ಎಂಬಲ್ಲಿ ಪ್ರಷ್ಯನ್ನರನ್ನು ಸೋಲಿಸಿದ. ಸೋತ ಪ್ರಷ್ಯನ್ನರು ತಮ್ಮ ದೇಶದ ಕಡೆ ಓಡುತ್ತಾರೆಂದು ಅವನು ಎಣಿಸಿದ್ದ. ಅವರು ಹಾಗೆ ಮಾಡದೆ ಉತ್ತರಕ್ಕೆ ತಿರುಗಿ, ವೆಲ್ಲಿಂಗ್ಟನ್ನನಿಗೆ ಹತ್ತಿರವಾಗಿಯೇ ಉಳಿದರು. ಅವರ ಬೆನ್ನು ಹತ್ತಲು ನೆಪೋಲಿಯನ್ ಸುಮಾರು 33 ಸಾವಿರ ಜನರನ್ನು ಗ್ರೂಷಿ ಎಂಬ ಸೇನಾಪತಿಯೊಡನೆ ಕಳಿಸಿದ. ಆ ಪಡೆ ಯುದ್ಧದ ದಿನ ಅವನ ಕೈಗೆ ಸಿಗಲಿಲ್ಲ. 17ರ ರಾತ್ರಿ ಜೋರು ಮಳೆ. ನೆಲ ಕೆಸರಾಗಿ, ತೋಪು ಎಳೆಯಲಾಗದೆ 18ರ ದಾಳಿ ಮಧ್ಯಾಹ್ನದ ಹೊತ್ತಿಗೆ ಹೋಯಿತು. ವೆಲ್ಲಿಂಗ್ಟನ್ ಸುಮಾರು 68 ಸಾವಿರ ಜನರೊಂದಿಗೆ ದಿಬ್ಬದ ಹಿಂದೆ ಸೈನ್ಯವನ್ನು ಮರೆಮಾಡಿ ನಿಂತು ಸಂಜೆಯತನಕ ತಡೆದ. ಕೊಟ್ಟ ಮಾತಿನಂತೆ ಬ್ಲೂಷರನ ಸೈನ್ಯ ಪಕ್ಕದಿಂದ ಬಂದು ಬಿತ್ತು. ರಾತ್ರಿಯಾಗುವಷ್ಟರಲ್ಲಿ ನೆಪೋಲಿಯನ್ನನ ಸೈನ್ಯ ಚದುರಿಹೋಯಿತು. ಆ ಒಂದೇ ದಿನ ಸತ್ತವರು, ಗಾಯಗೊಂಡವರು ನಲವತ್ತು ಸಾವಿರಕ್ಕೂ ಹೆಚ್ಚು. ನಾಲ್ಕು ದಿನದ ಈ ದಂಡಯಾತ್ರೆ ಯೂರೋಪಿನ ಮುಂದಿನ ದಿನಗಳನ್ನು ನಿರ್ಧರಿಸಿತು.

ವಾಟರ್ಲೂ ಗೆದ್ದದ್ದು ಇಂಗ್ಲೆಂಡಿನ ಈಟನ್ ಶಾಲೆಯ ಆಟದ ಮೈದಾನದಲ್ಲಿ ಎಂದು ವೆಲ್ಲಿಂಗ್ಟನ್ ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ಆದರೆ ಅದು ಪ್ರಚಾರಕ್ಕೆ ಬಂದದ್ದು 1852ರಲ್ಲಿ ಅವನು ತೀರಿಕೊಂಡ ಮೇಲೆ. ಅವನು ಯುದ್ಧ ಕಲಿತ ಮೈದಾನ ಎಲ್ಲಿತ್ತು ಎಂದು ಹುಡುಕಿದರೆ ನಾವು ಕರ್ನಾಟಕಕ್ಕೇ ಬರಬೇಕಾಗುತ್ತದೆ.

ಅವನ ಹೆಸರು ಆಗ ಆರ್ಥರ್ ವೆಲ್ಲೆಸ್ಲಿ. 1769ರಲ್ಲಿ ಹುಟ್ಟಿದವನು, ನೆಪೋಲಿಯನ್ ಕೂಡ ಅದೇ ವರ್ಷದವನು. ವೆಲ್ಲೆಸ್ಲಿಯ ಅಣ್ಣ ಇಲ್ಲಿ ಗವರ್ನರ್ ಜನರಲ್ ಆಗಿದ್ದ. ನೆಪೋಲಿಯನ್ ಈಜಿಪ್ಟಿನಲ್ಲಿದ್ದಾಗ, 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನರಿಗೆ ಪತ್ರ ಬರೆದ. ಆ ಪತ್ರ ಸುಲ್ತಾನರಿಗೆ ತಲುಪಲೇ ಇಲ್ಲ, ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಅದೇ ವರ್ಷ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನಪೇಟೆಯ ತೋಪಿನ ಮೇಲೆ ವೆಲ್ಲೆಸ್ಲಿ ದಾಳಿ ಮಾಡಿದ. ಕತ್ತಲೆ, ನೀರಿನ ಕಾಲುವೆ, ಮೇಲಿಂದ ಮೈಸೂರಿನ ರಾಕೆಟ್ಟುಗಳು. ಅವನ ಸೈನಿಕರು ದಿಕ್ಕು ತಪ್ಪಿದರು, ಕೆಲವರು ಸೆರೆಯಾದರು. ಹಗಲಿನಲ್ಲಿ ಜಾಗ ನೋಡದೆ, ಸಿದ್ಧವಾಗಿ ಕುಳಿತ ಶತ್ರುವಿನ ಮೇಲೆ ರಾತ್ರಿ ಏರಿ ಹೋಗಬಾರದೆಂದು ಅವನು ಅಣ್ಣನಿಗೆ ಪತ್ರ ಬರೆದ. ಈ ಪಾಠ ಕಲಿಸಿದವರು ಮೈಸೂರಿನ ಸಿಪಾಯಿಗಳು. 1814ರಲ್ಲಿ ಬೆಲ್ಜಿಯಂ ಸುತ್ತುವಾಗ ಅವನು ಸೈನ್ಯ ನಿಲ್ಲಿಸಲು ಒಳ್ಳೆಯ ಜಾಗಗಳನ್ನು ಮೊದಲೇ ನೋಡಿಟ್ಟುಕೊಂಡಿದ್ದ. ಇನ್ನೊಂದು ಮಾತು. ಮೈಸೂರಿನ ರಾಕೆಟ್ಟುಗಳನ್ನು ನೋಡಿ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಎಂಬವನು ಹೊಸ ರಾಕೆಟ್ ಮಾಡಿದ. ವಾಟರ್ಲೂವಿನಲ್ಲಿ ಬ್ರಿಟಿಷರ ಒಂದು ರಾಕೆಟ್ ತುಕಡಿಯೇ ಇತ್ತು.

ವಿದ್ಯಾರ್ಥಿಗಳೇ, ನಮ್ಮ ಪಾಠ 1799ರ ಮೇ 4ಕ್ಕೆ ಮುಗಿಯುತ್ತದೆ. ಸುಲ್ತಾನರು ಶಹೀದರಾದರು, ಶ್ರೀರಂಗಪಟ್ಟಣ ಬಿತ್ತು, ಅಲ್ಲಿಗೆ ಪುಟ ತಿರುವುತ್ತೇವೆ. ಮೇ 5ರ ಬೆಳಿಗ್ಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಸಾವಿರಾರು ಸಿಪಾಯಿಗಳು ಒಂದೇ ದಿನ ನೌಕರಿ ಕಳೆದುಕೊಂಡರು. ಸವಾರರಿಗೆ ಕುದುರೆ ಮತ್ತು ಕತ್ತಿ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಅವರಿಗೂ ಮನೆಯಿತ್ತು, ಮಕ್ಕಳಿದ್ದರು.

ಅಂಥವರನ್ನು ಕೂಡಿಸಿದವನು ಧೋಂಡಿಯ ವಾಘ್. ಚನ್ನಗಿರಿಯ ಮರಾಠ ಮನೆತನದವನು. ಹೈದರಾಲಿಯವರ ಸೈನ್ಯದಲ್ಲಿದ್ದವನು. ಮುಂದೆ ಸ್ವತಂತ್ರನಾಗಿ ಧಾರವಾಡ ಸೀಮೆಯಲ್ಲಿ ಕಪ್ಪ ವಸೂಲು ಮಾಡಿದ. 1794ರಲ್ಲಿ ಟಿಪ್ಪು ಸುಲ್ತಾನರ ಬಳಿಗೆ ಬಂದು ಇಸ್ಲಾಂ ಸ್ವೀಕರಿಸಿ ಮಲಿಕ್ ಜಹಾನ್ ಖಾನ್ ಎಂಬ ಹೆಸರು ಪಡೆದ. ಅದು ಒತ್ತಾಯದಿಂದ ಆಯಿತೆಂದು ಹೇಳುವವರೂ ಇದ್ದಾರೆ. ಆಮೇಲೆ ಸುಲ್ತಾನರೇ ಅವನನ್ನು ಸೆರೆಯಲ್ಲಿಟ್ಟರು. ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆಯಾದ ಅವನು ಕೆಲಸವಿಲ್ಲದ ಸಿಪಾಯಿಗಳನ್ನು ಸೇರಿಸಿಕೊಂಡು ಶಿವಮೊಗ್ಗ, ಶಿಕಾರಿಪುರದ ಕಡೆ ಎದ್ದು ನಿಂತ. 1799ರಲ್ಲಿ ಕಂಪನಿ ಸೈನ್ಯ ಅವನನ್ನು ಮರಾಠರ ಸೀಮೆಗೆ ಅಟ್ಟಿತು. 1800ರಲ್ಲಿ ಇನ್ನೂ ದೊಡ್ಡ ಪಡೆಯೊಂದಿಗೆ ಬಂದು ತನ್ನನ್ನು ಎರಡು ಲೋಕಗಳ ಒಡೆಯ ಎಂದು ಕರೆದುಕೊಂಡ.

ಆಗ ನಮ್ಮ ಭಾಗ ಹೇಗಿತ್ತು? ಸೋಂದೆ ಸೀಮೆಯೊಂದಿಗೆ ಘಟ್ಟದ ಮೇಲಿನ ಈ ಕಾಡು 1799ರಲ್ಲಿ ಕಂಪನಿಯ ಪಾಲಿಗೆ ಬಂದಿತ್ತು. ಆಚೆ ಹುಬ್ಬಳ್ಳಿ, ಧಾರವಾಡ ಮರಾಠರ ಕೈಯಲ್ಲಿ. ಎರಡು ರಾಜ್ಯಗಳ ಗಡಿ ನಮ್ಮ ಬಾಗಿಲಲ್ಲೇ ಇತ್ತು. ಹಳಿಯಾಳ ಕಂಪನಿಯ ಗಡಿ ಠಾಣೆ.

1800ರ ಜೂನ್‌ನಲ್ಲಿ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. ಜೂನ್ 27ರಂದು ರಾಣೆಬೆನ್ನೂರು ಕೋಟೆ ಹಿಡಿದ, ಒಳಗಿದ್ದವರಲ್ಲಿ ಬಹಳ ಮಂದಿ ಸತ್ತರು. ಮೂರೇ ದಿನಗಳಲ್ಲಿ ಕಿತ್ತೂರಿನ ಕಡೆ ಧೋಂಡಿಯ ತನ್ನ ಹಳೆಯ ವೈರಿ, ಮರಾಠ ಸರದಾರ ಧೋಂಡೋಪಂತ ಗೋಖಲೆಯನ್ನು ಸೋಲಿಸಿ ಕೊಂದ. ಜುಲೈ 14ಕ್ಕೆ ಕುಂದಗೋಳ, 26ಕ್ಕೆ ಡಂಬಳದ ಕೋಟೆಗಳು ವೆಲ್ಲೆಸ್ಲಿಯ ಕೈಗೆ ಬಂದವು. ಜುಲೈ 30ರಂದು ಮನೋಳಿಯ ಎದುರು ಮಲಪ್ರಭೆಯ ದಡದಲ್ಲಿ ಧೋಂಡಿಯನ ಸಾಮಾನು ಸರಂಜಾಮಿನ ಬಿಡಾರದ ಮೇಲೆ ಬಿದ್ದ. ಆನೆ, ಒಂಟೆ, ಎತ್ತು, ಕುದುರೆಗಳು ಸೆರೆಯಾದವು. ತುಂಬಿ ಹರಿಯುವ ಹೊಳೆಗೆ ಹಾರಿದ ಅನೇಕರು ಮುಳುಗಿದರು. ಧೋಂಡಿಯ ಮಾತ್ರ ಮಲಪ್ರಭೆ ಹುಟ್ಟುವ ಕಾಡಿನ ಕಡೆಯಿಂದ ಸುತ್ತಿ ತಪ್ಪಿಸಿಕೊಂಡ. ಕೊನೆಗೆ 1800ರ ಸೆಪ್ಟೆಂಬರ್ 10ರಂದು, ಕೃಷ್ಣಾ ತುಂಗಭದ್ರೆಗಳ ನಡುವಿನ ನಿಜಾಮರ ಸೀಮೆಯಲ್ಲಿ, ಕೋನಗಲ್ ಎಂಬಲ್ಲಿ ಎದುರುಬದುರಾದರು. ಧೋಂಡಿಯನ ಬಳಿ ಸುಮಾರು ಐದು ಸಾವಿರ ಸವಾರರಿದ್ದರು. ವೆಲ್ಲೆಸ್ಲಿ ತನ್ನ ನಾಲ್ಕು ಸವಾರ ದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯ ಅಲ್ಲೇ ಸತ್ತ.

ಈ ಕೆಲವು ತಿಂಗಳಲ್ಲಿ ವೆಲ್ಲೆಸ್ಲಿ ಕಲಿತದ್ದೇನು? ಮೂರು ವಿಷಯ ಹೇಳುತ್ತೇನೆ.

ಮೊದಲನೆಯದು, ಉರ್ದುವಿನಲ್ಲಿ ನಾವು ರಸದ್ ಎನ್ನುತ್ತೇವಲ್ಲ, ಅದು. ಸೈನ್ಯಕ್ಕೆ ಬೇಕಾದ ಅಕ್ಕಿ, ಮೇವು, ಮದ್ದುಗುಂಡು. ಕಾಳು ಹೊತ್ತು ತಂದವರು ಲಂಬಾಣಿಗಳು. ಅವರ ವಂಶದವರು ಇಂದಿಗೂ ನಮ್ಮ ಸುತ್ತಲಿನ ತಾಂಡಾಗಳಲ್ಲಿದ್ದಾರೆ. ತೋಪು ಎಳೆದದ್ದು ಸುಲ್ತಾನರು ಬೆಳೆಸಿದ ಅಮೃತಮಹಲ್ ತಳಿಯ ಎತ್ತುಗಳು. ಮೈಸೂರಿನಿಂದ ಎಲ್ಲವನ್ನೂ ಒದಗಿಸಿದವರು ದಿವಾನ್ ಪೂರ್ಣಯ್ಯನವರು. ಎರಡನೆಯದು, ಹೊಳೆ ಮತ್ತು ಮಳೆ. ಜುಲೈ ತಿಂಗಳ ಎರಿ ನೆಲದಲ್ಲಿ ಚಕ್ಕಡಿ ಹೂತರೆ ಏನಾಗುತ್ತದೆಂದು ಇಲ್ಲಿನ ರೈತರಿಗೆ ನಾನು ಹೇಳಬೇಕಾಗಿಲ್ಲ. ಚರ್ಮ ಹೊದಿಸಿದ ಹರಿಗೋಲು ಮೊದಲೇ ಮಾಡಿಸಿಟ್ಟುಕೊಳ್ಳದಿದ್ದರೆ ಹೊಳೆ ದಾಟುವ ಹಾಗಿರಲಿಲ್ಲ. ಮೂರನೆಯದು, ಬೇರೆ ಬೇರೆ ಜನರನ್ನು ಕೂಡಿಸಿ ನಡೆಸುವುದು. ಕಂಪನಿಯ ಸಿಪಾಯಿಗಳು, ಮೈಸೂರಿನ ಸವಾರರು, ನಿಜಾಮರ ಸೈನ್ಯ, ಮರಾಠ ಸರದಾರರು, ಎಲ್ಲರೊಡನೆ ಅವನು ಕೆಲಸ ಮಾಡಬೇಕಾಯಿತು.

1815ರಲ್ಲಿ ವಾಟರ್ಲೂವಿನಲ್ಲಿ ಅವನ ಮುಂದಿದ್ದದ್ದು ಅದೇ ಬಗೆಯ ಲೆಕ್ಕ. ಹಲವು ಭಾಷೆಯ ಸೈನ್ಯ, ಮಳೆ, ಕೆಸರು, ಪಕ್ಕದ ಸೈನ್ಯದ ಮೇಲಿನ ನಂಬಿಕೆ. ವಾಟರ್ಲೂವನ್ನು ಮಲಪ್ರಭೆಯೇ ಗೆದ್ದಿತು ಎಂದು ಹೇಳಿದರೆ ಅದು ಬಡಾಯಿ. ನಡುವೆ 1803ರ ಅಸ್ಸಾಯೆ ಇದೆ, ಪೋರ್ಚುಗಲ್ ಮತ್ತು ಸ್ಪೇನಿನ ವರ್ಷಗಳಿವೆ. ಪ್ರಷ್ಯನ್ನರು ಬಾರದಿದ್ದರೆ ಆ ದಿನದ ಫಲ ಬೇರೆಯಾಗುತ್ತಿತ್ತು. ಆದರೆ ಅವನ ಮೊದಲ ದೊಡ್ಡ ಸ್ವತಂತ್ರ ದಂಡಯಾತ್ರೆ ನಮ್ಮ ಹೊಳೆಗಳ ನಡುವೆ ನಡೆದದ್ದೆಂಬುದು ಸತ್ಯ.

ಇನ್ನು ಸೋತವರ ಮಾತು. ಇಂಗ್ಲಿಷರು ಧೋಂಡಿಯನನ್ನು ಡಕಾಯಿತ ಎಂದು ಬರೆದರು. ಇತ್ತೀಚೆಗೆ ಕೆಲವರು ಸ್ವಾತಂತ್ರ್ಯ ವೀರ ಎನ್ನುತ್ತಾರೆ. ಅವನ ಹೆಸರಿನಲ್ಲಿ ಖಾನ್ ಎಂಬುದು ಸೇರಿದೆಯೆಂದು ನಾವು ಹೊಗಳಬೇಕಾಗಿಲ್ಲ. ವಾಘ್ ಎಂಬುದು ಇದೆಯೆಂದು ಇನ್ನೊಬ್ಬರು ಹೊಗಳಬೇಕಾಗಿಯೂ ಇಲ್ಲ. ಅವನು ಕಂಪನಿಯ ವಿರುದ್ಧ ನಿಂತದ್ದೂ ನಿಜ, ಊರೂರುಗಳಿಂದ ಹಣ ವಸೂಲು ಮಾಡಿದ್ದೂ ನಿಜ. ಯಾವ ಸೈನ್ಯ ಬಂದರೂ ಹಗೇವಿನ ಜೋಳ ಕಳೆದುಕೊಂಡವನು ರೈತನೇ. ತಾರೀಖ್ ಓದುವವರು ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಬರೆದವರು ಯಾರು ಎಂಬುದು. ವೆಲ್ಲೆಸ್ಲಿ ಬಿಡಾರದಲ್ಲಿ ಕುಳಿತು ದಿನವೂ ಪತ್ರ ಬರೆಯುತ್ತಿದ್ದ. ಆ ಪತ್ರಗಳು 1834ರಿಂದ ಸಂಪುಟಗಳಾಗಿ ಅಚ್ಚಾದವು. ಅವುಗಳಲ್ಲಿ ಹಳಿಯಾಳ ‘ಹುಲ್ಲಿಹಾಲ್’ ಆಗಿದೆ, ಸೋಂದೆ ‘ಸೂಂಡಾ’ ಆಗಿದೆ. ನಮ್ಮ ಊರುಗಳ ಕಥೆಯನ್ನು ನಾವು ಇಂದು ಅವನ ಅಕ್ಷರದಲ್ಲೇ ಹುಡುಕಬೇಕಾಗಿದೆ. ಅವನೊಡನೆ ಕಾದಾಡಿದ ಸವಾರರ ಹೆಸರೂ ನಮಗೆ ಸಿಗುವುದಿಲ್ಲ.

ಒಂದು ಹೆಸರು ಮಾತ್ರ ಉಳಿದಿದೆ. ಕೋನಗಲ್ಲಿನ ದಿನ ಸಾಮಾನುಗಳ ನಡುವೆ ನಾಲ್ಕು ವರ್ಷದಷ್ಟಿನ ಒಂದು ಮಗು ಸಿಕ್ಕಿತು. ಅದು ಧೋಂಡಿಯನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ತಂದು ಸಾಕಿಸಿದ. 1805ರಲ್ಲಿ ಇಂಡಿಯಾ ಬಿಡುವಾಗ ಅವನ ಪಾಲನೆಗೆ ಹಣ ಇಟ್ಟು ಹೋದ. ಸಲಾಬತ್ ಖಾನ್ ಮುಂದೆ ಮೈಸೂರು ಅರಸರ ನೌಕರಿ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ಯುದ್ಧ ಮಾಡಿದವನಲ್ಲಿಯೂ ದಯೆ ಇತ್ತೆಂದು ಒಪ್ಪೋಣ. ಜೊತೆಗೆ, ಆ ಮಗುವನ್ನು ಅನಾಥ ಮಾಡಿದ್ದೂ ಅದೇ ಯುದ್ಧ ಎಂಬುದನ್ನು ಮರೆಯದಿರೋಣ. ಮನೋಳಿಯ ಹೊಳೆಯಲ್ಲಿ ಮುಳುಗಿದವರ ಮಕ್ಕಳಿಗೆ ಹಣ ಇಟ್ಟು ಹೋದವರು ಯಾರು?

ವಿದ್ಯಾರ್ಥಿಗಳೇ, ಒಬ್ಬ ಒಡೆಯನ ಆಶ್ರಯವನ್ನೇ ನಂಬಿದ ಕಸುಬು ಒಡೆಯನೊಂದಿಗೇ ಹೋಗುತ್ತದೆ. ಮೇ 5ರ ಬೆಳಿಗ್ಗೆ ಆ ಸಿಪಾಯಿಗಳ ಮುಂದೆ ಎರಡನೆಯ ದಾರಿ ಇರಲಿಲ್ಲ. ನಿಮ್ಮ ಮುಂದೆ ಶಾಲೆ ಇದೆ, ಪುಸ್ತಕವಿದೆ. ಮನೆಯಲ್ಲಿ ಉರ್ದು, ಊರಿನಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್, ಹಿಂದಿ. ಇದನ್ನು ಹೊರೆ ಎನ್ನಬೇಡಿರಿ. ಈ ಸೀಮೆಯ ಹಳೆಯ ಕಾಗದಗಳು ಕನ್ನಡ, ಮರಾಠಿ, ಫಾರ್ಸಿ, ಇಂಗ್ಲಿಷಿನಲ್ಲಿವೆ. ಅವುಗಳನ್ನು ಓದಬಲ್ಲ ಹುಡುಗ ಹುಡುಗಿಯರು ಬೇಕಾಗಿದ್ದಾರೆ.

ಹಾಗಾಗಿ ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನಿಮ್ಮ ಅಜ್ಜ, ನಾನಿಯರನ್ನು ಕೂರಿಸಿಕೊಂಡು ಕೇಳಿರಿ: ನಮ್ಮ ಮನೆತನ ಎಲ್ಲಿಂದ ಬಂತು, ಈ ಹೊಲಕ್ಕೆ ಈ ಹೆಸರು ಯಾಕೆ, ಹಳೆಯ ದಾರಿ ಯಾವ ಕಡೆ ಹೋಗುತ್ತಿತ್ತು? ಅವರು ಹೇಳಿದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾರು ಹೇಳಿದರೆಂಬುದನ್ನೂ ಬರೆಯಿರಿ. ಆ ನೋಟ್‌ಬುಕ್ಕುಗಳನ್ನು ಶಾಲೆಗೆ ತನ್ನಿರಿ, ನಾವು ಜೋಪಾನವಾಗಿ ಇಡೋಣ.