ಹಳೆಯ ಆಟದ ಹೊಸ ವೇಷ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಮುಖ್ಯೋಪಾಧ್ಯಾಯನಾದವನು ವೇದಿಕೆಯ ಮೇಲೆ ನಿಂತು ವಿಡಿಯೋ ಆಟವೊಂದರ ವಿಷಯವಾಗಿ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ಗಲ್ಫಿನಿಂದ ಮಂಗಲ್ಪಾಡಿಗೂ ಉಪ್ಪಳಕ್ಕೂ ರಜೆಗೆ ಬರುವವರ ಪೆಟ್ಟಿಗೆಗಳಲ್ಲಿ ಇಂತಹ ಕೈಯಾಟದ ಯಂತ್ರಗಳು ಬಂದಿಳಿಯುತ್ತಲೇ ಇವೆ. ಮಕ್ಕಳು ಅವುಗಳಲ್ಲಿ ಮುಳುಗುವರು, ಹಿರಿಯರು ಗದರುವರು. ಒಳಗೆ ಏನಿದೆಯೆಂದು ಇಣಿಕಿ ನೋಡುವವರು ಮಾತ್ರ ಕಡಮೆ. ನನ್ನ ಸೋದರಳಿಯನು ಬಿಟ್ಟುಹೋಗಿದ್ದ ‘ಪೋಕೆಮಾನ್ ಹಾರ್ಟ್‌ಗೋಲ್ಡ್’ ಎಂಬ ಆಟವನ್ನು ನಾನು ಹಲವು ವರ್ಷಗಳ ಹಿಂದೆ ಒಮ್ಮೆ ಆಡಿದ್ದೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ಮತ್ತೆ ಕೈಗೆತ್ತಿಕೊಂಡೆ. ಅದರಿಂದ ಮೂಡಿದ ಕೆಲವು ವಿಚಾರಗಳನ್ನು ತಮ್ಮ ಮುಂದಿಡುತ್ತೇನೆ.

ಇದು ಪಾತ್ರ ವಹಿಸುವ ಆಟ. ಆಡುವವನು ಒಬ್ಬ ಬಾಲಕನ ಅಥವಾ ಬಾಲಕಿಯ ವೇಷ ತೊಟ್ಟು, ಊರೂರು ಸುತ್ತಿ, ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕಿ ಪಳಗಿಸುತ್ತಾನೆ. ಪಾರ್ತಿಸುಬ್ಬನ ಕುಂಬಳೆಗೆ ನೆರೆಯವರಾದ ನಮಗೆ ವೇಷವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಇದರ ಮೂಲಪುರುಷನು ಜಪಾನಿನ ಸತೋಶಿ ತಾಜಿರಿ. ಟೋಕಿಯೋದ ಅಂಚಿನ ಮಾಚಿದಾದಲ್ಲಿ ಬೆಳೆದ ಆತನಿಗೆ ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುವ ಗೀಳು. ಹೊಲಗಳೂ ಕೊಳಗಳೂ ಕಟ್ಟಡಗಳಿಗೆ ಬಲಿಯಾದಂತೆ ಹುಳುಗಳೂ ಮಾಯವಾದುವು. ಹೆದ್ದಾರಿಯ ಇಕ್ಕೆಲದ ಗದ್ದೆಗಳು ಏನಾದುವೆಂದು ಬಲ್ಲ ನಮಗೆ ಇದು ಹೊಸ ಕತೆಯಲ್ಲ. ಮುಂದಿನ ಮಕ್ಕಳಿಗೆ ಆ ಸುಖವನ್ನು ಬೇರೊಂದು ರೀತಿಯಲ್ಲಿ ಕೊಡಬೇಕೆಂಬ ಹಂಬಲದಿಂದ 1996ರಲ್ಲಿ ಮೊದಲ ಪೋಕೆಮಾನ್ ಹುಟ್ಟಿತು. ಎರಡು ‘ಗೇಮ್ ಬಾಯ್’ ಯಂತ್ರಗಳನ್ನು ತಂತಿಯಿಂದ ಜೋಡಿಸಿ ಪ್ರಾಣಿಗಳನ್ನು ವಿನಿಮಯ ಮಾಡಿಕೊಳ್ಳುವುದೇ ಅದರ ಜೀವಾಳ. ಒಬ್ಬನೇ ಆಡಿ ಎಲ್ಲವನ್ನೂ ಕೂಡಿಹಾಕಲು ಬರುವುದಿಲ್ಲ. ಗೆಳೆಯನು ಬೇಕೇ ಬೇಕು.

1999ರ ನವೆಂಬರಿನಲ್ಲಿ ಜಪಾನಿನಲ್ಲಿ ‘ಗೋಲ್ಡ್’, ‘ಸಿಲ್ವರ್’ ಎಂಬ ಎರಡನೆಯ ಜೋಡಿ ಬಂದಿತು. ಪ್ರಾಣಿಗಳು 151ರಿಂದ 251ಕ್ಕೆ ಏರಿದುವು. ಬಿಲ್ಲೆಯೊಳಗೆ ಒಂದು ಗಡಿಯಾರವಿದ್ದು, ಹೊರಗೆ ಇರುಳಾದರೆ ಆಟದಲ್ಲಿಯೂ ಇರುಳು. ಕೆಲವು ಪ್ರಾಣಿಗಳು ರಾತ್ರಿಯಲ್ಲಿ ಮಾತ್ರ ಸಿಗುವುವು. ಕಥೆ ನಡೆಯುವ ‘ಜೋಟೋ’ ನಾಡು ಕ್ಯೋಟೋ, ನಾರಾ, ಒಸಾಕಾಗಳಿರುವ ಪ್ರಾಂತದ ಪ್ರತಿಬಿಂಬ. ಅಲ್ಲಿ ಎಕ್ರುಟೀಕ್ ಎಂಬ ಪುರಾತನ ಪಟ್ಟಣ. ಬೆಂಕಿಗೆ ಆಹುತಿಯಾದ ಒಂದು ಗೋಪುರ, ಉಳಿದ ಇನ್ನೊಂದು ಗೋಪುರ, ಬೂದಿಯಿಂದ ಎದ್ದು ಬಂದ ಮೂರು ಮೃಗಗಳು, ಅವುಗಳಿಗೆ ಜೀವವಿತ್ತ ಬಣ್ಣದ ಹಕ್ಕಿ. ಸ್ಥಳಪುರಾಣ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಪರಕೀಯವೆನಿಸದು.

ಈ ಆಟವನ್ನೇ ಹತ್ತು ವರ್ಷಗಳ ಬಳಿಕ, 2009ರಲ್ಲಿ, ಎರಡು ಪರದೆಗಳ ‘ನಿಂಟೆಂಡೋ ಡಿಎಸ್’ ಯಂತ್ರಕ್ಕಾಗಿ ಶಿಗೆಕಿ ಮೊರಿಮೊಟೋ ಅವರ ನಿರ್ದೇಶನದಲ್ಲಿ ಮತ್ತೆ ರಚಿಸಿದರು. ಹಳತನ್ನು ಹೊಸದು ಮಾಡುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಇರುಳಿಡೀ ಆಡುತ್ತಿದ್ದ ಪ್ರಸಂಗವನ್ನು ಕಾಲಮಿತಿಯೊಳಗೆ ಆಡುವ ಇಂದಿನ ಮೇಳಗಳಿಗೂ ಇದೇ ಪ್ರಶ್ನೆ. ಮೇಳದವರು ಕತ್ತರಿಸುತ್ತಾರೆ, ಈ ಆಟದವರು ಕತ್ತರಿಸಲಿಲ್ಲ, ಸೇರಿಸಿದರು. ಕಿಮೋನೋ ತೊಟ್ಟ ನರ್ತಕಿಯರಿಗೆ ಕಥೆಯಲ್ಲಿ ಹೆಚ್ಚಿನ ಪಾತ್ರ ದೊರೆಯಿತು. ಸಾಕಿದ ಪ್ರಾಣಿಯು ಯಜಮಾನನ ಹಿಂದೆಯೇ ನಡೆದು ಬರುತ್ತದೆ. ತಿರುಗಿ ಮಾತನಾಡಿಸಿದರೆ ನಲಿಯುವುದೂ ಉಂಟು, ಮುನಿಯುವುದೂ ಉಂಟು. ಇದೊಂದಕ್ಕಾಗಿಯೇ ನಾನು ಹೊಸದನ್ನು ಮೆಚ್ಚಿದೆ. ಜಪಾನಿನ ಹೊರಗಿನ ಪ್ರತಿಗಳಲ್ಲಿ ಜೂಜಿನ ಯಂತ್ರಗಳನ್ನು ತೆಗೆದು ಅಂಕಿಗಳ ಒಗಟೊಂದನ್ನು ಇರಿಸಿದರು. ಪೋಷಕರು ಇದನ್ನು ಕೇಳಿ ಸಂತೋಷಪಡಬಹುದು. ಜೊತೆಗೆ ಹೆಜ್ಜೆಗಳನ್ನೆಣಿಸುವ ಪುಟ್ಟ ಸಾಧನವೊಂದಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಜವಾಗಿಯೂ ನಡೆದರೆ ಒಳಗಿನ ಪ್ರಾಣಿಯು ಬೆಳೆಯುವುದು. ಇಷ್ಟೆಲ್ಲ ಹೊಸತನದ ನಡುವೆ, ಆಟದ ಕೊನೆಯ ಭಾಗದಲ್ಲಿ ಒಂದು ವಸ್ತು ಸಿಗುತ್ತದೆ. ಅದನ್ನು ಬಳಸಿದೊಡನೆ ಸಂಗೀತವು ಹಳೆಯ ಗೇಮ್ ಬಾಯ್‌ನ ಕೀರಲು ಸ್ವರಕ್ಕೆ ಮರಳುತ್ತದೆ. ಹಿಂದಿನವರಿಗೆ ಸಲ್ಲಿಸಿದ ಈ ಗೌರವವು ನನ್ನ ಮನಸ್ಸನ್ನು ತಟ್ಟಿತು.

ಕುಂದುಗಳೂ ಇಲ್ಲದಿಲ್ಲ. ಕಾಡುಪ್ರಾಣಿಗಳ ಬಲವು ಮೂಲದಲ್ಲಿದ್ದಂತೆಯೇ ಬಹುಮಟ್ಟಿಗೆ ಕಡಮೆಯಾಗಿದ್ದು, ಆಟದ ಉತ್ತರಾರ್ಧದಲ್ಲಿ ನಮ್ಮ ಪ್ರಾಣಿಗಳನ್ನು ಬೆಳೆಸಲು ಬೇಸರ ಬರುವಷ್ಟು ಹೊತ್ತು ಬೇಕು. ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮವೆನ್ನುತ್ತೇವಷ್ಟೆ. ಈ ಆಟವೂ ಏಳು ಭಾಷೆಗಳಲ್ಲಿ ಹೊರಟಿತು. ಆದರೆ ಆ ಏಳರಲ್ಲಿ ನಮ್ಮ ಏಳರ ಪೈಕಿ ಒಂದೂ ಇಲ್ಲ. ಕನ್ನಡ ಶಾಲೆಯ ಬಾಲಕನು ಇಂಗ್ಲಿಷಿನ ಸಂಭಾಷಣೆಯನ್ನು ತಡವರಿಸುತ್ತ ಓದಿ ಆಡಬೇಕಾಗಿದೆ. ಅದರಿಂದ ಅವನ ಇಂಗ್ಲಿಷು ಸುಧಾರಿಸುವುದೇನೋ ದಿಟ. ಗೋಪುರದ ಕತೆಯನ್ನು ತನ್ನ ನುಡಿಯಲ್ಲಿ ಓದುವ ಸುಖವು ಮಾತ್ರ ತಪ್ಪಿತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಹಳೆಯ ಬಿಲ್ಲೆಯಲ್ಲಿ ಆಟಗಾರನ ಸಂಪಾದನೆಯನ್ನೆಲ್ಲ ಕಾಯುತ್ತಿದ್ದುದು ಒಂದು ಪುಟ್ಟ ಬ್ಯಾಟರಿ. ಗಡಿಯಾರವೂ ಅದರಿಂದಲೇ ನಡೆಯುತ್ತಿದ್ದುದರಿಂದ ಅದು ಬೇಗ ಬರಿದಾಗುತ್ತಿತ್ತು. ಬರಿದಾದ ದಿನ ನೂರಾರು ಗಂಟೆ ಸಾಕಿದ ಪ್ರಾಣಿಗಳೆಲ್ಲ ಅಳಿಸಿಹೋಗುವುವು. ಅವುಗಳನ್ನು ಹೊಸ ಆಟಕ್ಕೆ ಸಾಗಿಸಲು ದಾರಿಯೂ ಇರಲಿಲ್ಲ. ಊರು, ಬೆಟ್ಟ, ಗೋಪುರ, ರಾಗ ಎಲ್ಲವೂ ಹೊಸದರಲ್ಲಿ ಮರಳಿ ಬಂದುವು. ಮಗುವು ತಾನೇ ಹೆಸರಿಟ್ಟು ಸಾಕಿದ ಪ್ರಾಣಿ ಮಾತ್ರ ಬರಲಿಲ್ಲ. ‘ಅದು ಬರಿಯ ಆಟವಲ್ಲವೇ’ ಎಂದು ಹಿರಿಯರು ಹೇಳಿಬಿಡುತ್ತಾರೆ. ಮಕ್ಕಳು ಅತ್ತಾಗ ಹಾಗೆನ್ನುವ ಮುನ್ನ ಒಂದಿಷ್ಟು ಯೋಚಿಸಬೇಕೆಂದು ಪೋಷಕರಲ್ಲಿ ನನ್ನ ವಿನಂತಿ. ಅದರಲ್ಲಿ ಅವರು ತೋರಿದ ತಾಳ್ಮೆ ನಿಜವಾದುದು.

ಹೊಸ ಆಟಕ್ಕೂ ಈಗ ವಯಸ್ಸಾಯಿತು. ಅಂತರ್ಜಾಲದ ಮೂಲಕ ದೂರದವರೊಡನೆ ಪ್ರಾಣಿಗಳನ್ನು ವಿನಿಮಯ ಮಾಡುವ ಅಧಿಕೃತ ಸೇವೆಯು 2014ರ ಮೇ ತಿಂಗಳಲ್ಲಿ ನಿಂತಿತು. ಎರಡು ಯಂತ್ರಗಳನ್ನು ಹಿಡಿದು ಎದುರುಬದುರು ಕುಳಿತ ಇಬ್ಬರು ಗೆಳೆಯರ ನಡುವೆ ಅದು ಇಂದಿಗೂ ನಡೆಯುತ್ತದೆ. ಜಗಲಿಯಲ್ಲಿ ಚೆನ್ನೆಮಣೆಯ ಎರಡು ಬದಿಗಳಲ್ಲಿ ಕುಳಿತಂತೆ ಹತ್ತಿರ ಕುಳಿತರೆ ಸಾಕು.