ಹೊಲದ ಒಡ್ಡು, ಹಳ್ಳದ ನೆರೆ



ಕಿತ್ತೂರೆಂದೊಡನೆ ನಮಗೆ ರಾಣಿ ಚೆನ್ನಮ್ಮನ ನೆನಪಾಗುತ್ತದೆ. ಬೈಲಹೊಂಗಲವೆಂದರೆ ಆ ವೀರಮಾತೆಯ ಸಮಾಧಿಯ ನೆನಪು. ಸವದತ್ತಿಯೆಂದರೆ ಎಲ್ಲಮ್ಮನ ಗುಡ್ಡ. ರಾಮದುರ್ಗವೆಂದರೆ 1948ರ ವರೆಗೆ ಬಾಳಿದ ಒಂದು ಚಿಕ್ಕ ಸಂಸ್ಥಾನ. ಈ ನಾಲ್ಕು ಊರುಗಳ ಸೀಮೆಯನ್ನು ಒಂದೇ ಸೂತ್ರದಲ್ಲಿ ಪೋಣಿಸಿರುವುದು ಇತಿಹಾಸಕ್ಕಿಂತ ಹಳೆಯದಾದ ಮಲಪ್ರಭಾ ನದಿ. ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ಮೂಡಣದಿಕ್ಕಿಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಹಿರಿದಾದ ಅಣೆಕಟ್ಟನ್ನು ಕಟ್ಟಿದ್ದಾರೆ. ಅದರ ಹಿಂದಿನ ಜಲಾಶಯವು ಸುಮಾರು 37 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು.

ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಆ ದೊಡ್ಡ ಅಣೆಕಟ್ಟಿನ ಮಾತನ್ನಲ್ಲ. ಒಬ್ಬ ರೈತನು ತನ್ನ ಹೊಲದಲ್ಲಿ, ತನ್ನ ಖರ್ಚಿನಿಂದ, ಒಂದು ಸಣ್ಣ ಹಳ್ಳಕ್ಕೆ ಅಡ್ಡಲಾಗಿ ಕಟ್ಟುವ ಮಣ್ಣಿನ ಒಡ್ಡಿನ ಮಾತನ್ನು. ಮಳೆಗಾಲದಲ್ಲಿ ಹಳ್ಳದ ಸೊಕ್ಕನ್ನು ಮುರಿಯಬೇಕು, ಉಳಿದ ಕಾಲದಲ್ಲಿ ಮಕ್ಕಳು ಈಸಲು, ಎತ್ತುಗಳ ಮೈತೊಳೆಯಲು, ನಾಲ್ಕು ಮೀನು ಸಾಕಲು, ಸಂಜೆ ದಂಡೆಯ ಮೇಲೆ ಕುಳಿತು ತಂಗಾಳಿ ಸೇವಿಸಲು ನೀರಿರಬೇಕು: ಇಷ್ಟೇ ಅದರ ಉದ್ದೇಶ. ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣವೇಕೆ ಎಂದು ತಾವು ಕೇಳಬಹುದು. ಸಣ್ಣದೆಂಬ ಉದಾಸೀನವೇ ಇಲ್ಲಿ ಅನರ್ಥಕ್ಕೆ ಮೂಲವೆಂಬುದನ್ನು ನಾನು ನಮ್ಮ ಮನೆತನದಲ್ಲಿಯೇ ಕಂಡಿದ್ದೇನೆ.

ನನ್ನ ಸೋದರಮಾವನವರ ಹೊಲ ಬೈಲಹೊಂಗಲದ ಆಚೆ, ಎರೆಯ ನೆಲದಲ್ಲಿದೆ. ಮಗ್ಗುಲಲ್ಲಿ ಹರಿಯುವ ಹಳ್ಳ ವರ್ಷದ ಹತ್ತು ತಿಂಗಳು ಒಣಗಿರುತ್ತದೆ. ದೊಡ್ಡ ಮಳೆ ಬಂದ ದಿನ ಮಾತ್ರ ಬದುಗಳನ್ನು ಕಿತ್ತುಕೊಂಡು ಹೋಗುತ್ತದೆ. ಮಾವನವರು ಅದಕ್ಕೆ ಹನ್ನೆರಡು ಅಡಿ ಎತ್ತರದ ಒಡ್ಡನ್ನು ಹಾಕಿಸಿದರು. ಒಂದು ಬದಿಗೆ ಕೋಡಿಯನ್ನೂ ಬಿಡಿಸಿದರು. ಎರಡು ವರ್ಷ ಎಲ್ಲವೂ ಸುಖವಾಗಿ ನಡೆಯಿತು. ರಜೆಗೆ ಬಂದ ಮೊಮ್ಮಕ್ಕಳು ಅಲ್ಲಿಯೇ ಈಸು ಕಲಿತರು. ಮೂರನೆಯ ವರ್ಷ ಮಾವನವರಿಗೆ ಒಂದು ಆಸೆ ಹುಟ್ಟಿತು: ನೀರು ಇನ್ನೆರಡು ಅಡಿ ಹೆಚ್ಚು ನಿಂತರೆ ಬೇಸಗೆಯ ವರೆಗೂ ಕೊಳ ತುಂಬಿರುವುದಲ್ಲ! ಕೋಡಿಯ ಬಾಯಿಗೆ ಕಲ್ಲು, ಮರಳಿನ ಚೀಲಗಳನ್ನು ಪೇರಿಸಿದರು. ಹಿಂಗಾರಿನ ಒಂದು ರಾತ್ರಿ ಮಳೆ ಸುರಿಯಿತು. ಕೋಡಿಯಲ್ಲಿ ದಾರಿ ಕಾಣದ ನೀರು ಒಡ್ಡಿನ ತಲೆಯ ಮೇಲೆಯೇ ಹರಿಯಿತು. ಬೆಳಗಾಗುವಷ್ಟರಲ್ಲಿ ಒಡ್ಡಿನ ನಡುಭಾಗವೇ ಇರಲಿಲ್ಲ. ಕೆಳಗಿನ ಹೊಲದ ಎಳೆಜೋಳವೂ ಅದರ ಮೇಲ್ಮಣ್ಣೂ ಇರಲಿಲ್ಲ. ದೈವಕೃಪೆಯಿಂದ ಜೀವಹಾನಿಯಾಗಲಿಲ್ಲ.

ಕೆಳಗಿನ ಹೊಲದ ರೈತನು ಬಂದು ನಿಂತನು. ಮಾವನವರು, “ದೇವರು ಸುರಿಸಿದ ಮಳೆಗೆ ನಾನೇನು ಮಾಡಲಪ್ಪಾ?” ಎಂದರು. ಆತನು ಜಗಳವಾಡಲಿಲ್ಲ. “ಮಳಿ ದೇವರದು ಖರೆ ರೀ ಗೌಡ್ರ, ಒಡ್ಡು ನಿಮ್ಮದಲ್ಲೇನ್ರಿ?” ಎಂದಷ್ಟೇ ಕೇಳಿದನು.

ಈ ಪ್ರಶ್ನೆಯನ್ನು ಜಗತ್ತಿನ ದೊಡ್ಡ ನ್ಯಾಯಾಸನಗಳೂ ಕೇಳಿಕೊಂಡಿವೆ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ರೈಲಂಡ್ಸನೆಂಬ ಗಿರಣಿಯ ಒಡೆಯನು ಕಟ್ಟಿಸಿದ ಕೊಳದ ನೀರು, 1860ರಲ್ಲಿ ನೆಲದೊಳಗಿನ ಹಳೆಯ ಸುರಂಗಗಳ ಮೂಲಕ ಇಳಿದು, ನೆರೆಯವನಾದ ಫ್ಲೆಚರನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಭೆಯು ಗಿರಣಿಯ ಒಡೆಯನನ್ನೇ ಹೊಣೆಗಾರನನ್ನಾಗಿ ಮಾಡಿತು. ಸಹಜವಾಗಿ ಇಲ್ಲದ ನೀರನ್ನು ತನ್ನ ನೆಲದಲ್ಲಿ ಕೂಡಿಹಾಕಿದವನು, ಅದು ಹೊರಬಿದ್ದು ಮಾಡಿದ ಹಾನಿಯನ್ನು ತಾನೇ ತುಂಬಿಕೊಡಬೇಕೆಂಬುದು ಅದರ ತಾತ್ಪರ್ಯ. ಆರು ವರ್ಷಗಳ ತರುವಾಯ, 1874ರಲ್ಲಿ, ಇಂಥದೇ ವಿವಾದ ನಮ್ಮ ದೇಶದಿಂದ ಪ್ರಿವಿ ಕೌನ್ಸಿಲಿಗೆ ಹೋಯಿತು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದರಾಸು ರೈಲ್ವೆಗೆ ನಷ್ಟವಾಗಿತ್ತು. ಅಲ್ಲಿ ಜಮೀನ್ದಾರರೇ ಗೆದ್ದರು. ಈ ದೇಶದಲ್ಲಿ ಕೆರೆಯನ್ನು ಕಾಯ್ದುಕೊಂಡು ಬರುವುದು ಜನರ ಜೀವನಕ್ಕೆ ಅಗತ್ಯವಾದ, ಪರಂಪರೆಯಿಂದ ಬಂದ ಕರ್ತವ್ಯ. ಅಜಾಗರೂಕತೆ ಸಿದ್ಧವಾಗದ ಹೊರತು ಒಡೆಯನು ಹೊಣೆಯಲ್ಲವೆಂದು ತೀರ್ಪಾಯಿತು.

ಈ ಎರಡು ತೀರ್ಪುಗಳ ನಡುವೆ ನಮ್ಮ ಮಾವನವರ ಒಡ್ಡು ಎಲ್ಲಿ ನಿಲ್ಲುತ್ತದೆ? ನೆರೆ ತಡೆಯಲು ಕಟ್ಟಿದಾಗ ಅದು ಕೆರೆಯ ಧರ್ಮಕ್ಕೆ ಸೇರಿದುದು. ವಿನೋದಕ್ಕಾಗಿ ಕೋಡಿಗೆ ಕಲ್ಲಿಟ್ಟಾಗ ಆ ಧರ್ಮದಿಂದ ಜಾರಿತೆಂದೇ ನನ್ನ ಎಣಿಕೆ.

ಖಾಸಗಿಯವರು ಕೆರೆ ಕಟ್ಟಿಸುವುದು ಕನ್ನಡನಾಡಿಗೆ ಹೊಸತಲ್ಲ. ಕೆರೆ ಕಟ್ಟಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಭೂಮಿಯನ್ನು ಬಿಡುವ ಪದ್ಧತಿಗೆ ಕಟ್ಟುಕೊಡಗೆಯೆಂದು ಹೆಸರು. ಶಾಸನಗಳಲ್ಲಿ ಅದರ ಉಲ್ಲೇಖಗಳಿವೆ. ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ರಾಜಕುಮಾರ ಭಾಸ್ಕರನು ಸಾವಿರ ಆಳುಗಳನ್ನು ದಿನವೂ ದುಡಿಸಿ, ಎರಡು ವರ್ಷಗಳಲ್ಲಿ ಅಲ್ಲಿಯ ಕೆರೆಯನ್ನು ಮುಗಿಸಿದನಂತೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಆ ಶಾಸನ ಎಣಿಸುತ್ತದೆ. ಏರಿಯಲ್ಲಿ ನೀರು ಒಸರುವುದು ಒಂದು ದೋಷ. ನೀರು ಬಹಳ, ನೆಲ ಸ್ವಲ್ಪ ಎಂಬುದು ಇನ್ನೊಂದು. ಆರುನೂರೈವತ್ತು ವರ್ಷಗಳ ಮೇಲೂ ಈ ಎರಡು ಮಾತುಗಳು ಸುಳ್ಳಾಗಿಲ್ಲ.

ಈಗ ಸ್ವಲ್ಪ ಲೆಕ್ಕವನ್ನು ನೋಡೋಣ. ಒಂದು ಹಳ್ಳಕ್ಕೆ ಒಂದು ಚದರ ಮೈಲಿ, ಎಂದರೆ 640 ಎಕರೆ ನೆಲದ ನೀರು ಬರುತ್ತದೆಂದು ಇಟ್ಟುಕೊಳ್ಳಿ. ಒಂದು ರಾತ್ರಿ ಎರಡು ಅಂಗುಲ ಮಳೆಯಾಗಿ, ಅರ್ಧ ಇಂಗಿ, ಅರ್ಧ ಹರಿಯಿತೆನ್ನಿ. ಆ ನೀರು 53 ಎಕರೆಯ ಮೇಲೆ ಒಂದಡಿ ನಿಲ್ಲುವಷ್ಟಾಗುತ್ತದೆ. ಹತ್ತು ಎಕರೆಯ ಕೆರೆಯೊಂದರಲ್ಲಿ ಮೂರಡಿ ಖಾಲಿಯಿದ್ದರೆ, ಇದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದು ಹಿಡಿದಿಟ್ಟುಕೊಂಡೀತು. ಅದೇ ಕೆರೆ ತುಳುಕುವಂತೆ ತುಂಬಿದ್ದರೆ, ಬಂದ ನೀರೆಲ್ಲ ಹೋಗಲೇಬೇಕು. ತುಂಬಿದ ಕೊಡಕ್ಕೆ ಇನ್ನಷ್ಟು ಹೊಯ್ದರೆ ಉಳಿಯುವುದುಂಟೆ?

ಇಲ್ಲಿಯೇ ಇರುವುದು ತೊಡಕು. ವಿನೋದಕ್ಕೆ ತುಂಬಿದ ಕೊಳ ಬೇಕು. ನೆರೆ ತಡೆಯಲು ಬರಿದಾದ ಕೊಳ ಬೇಕು. ಒಂದೇ ಒಡ್ಡಿನಿಂದ ಎರಡನ್ನೂ ಬಯಸುವವನು ನೀರನ್ನು ಎರಡು ಅಂತಸ್ತುಗಳಾಗಿ ವಿಭಾಗಿಸಬೇಕು. ಕೆಳಗಿನ ಅಂತಸ್ತು ಸದಾ ನಿಲ್ಲುವ ನೀರು. ಈಸುವವರಿಗೂ ಮೀನಿಗೂ ಅದು ಮೀಸಲು. ಅದರ ಮಟ್ಟದಲ್ಲಿ ಒಂದು ಕೊಳವೆ ಸದಾ ತೆರೆದಿರಬೇಕು; ಅದಕ್ಕೆ ಬಾಗಿಲೇ ಇರಕೂಡದು. ನೆರೆ ಬಂದಾಗ ನೀರು ಆ ಮಟ್ಟವನ್ನು ಮೀರಿ ಏರುತ್ತದೆ. ಕೊಳವೆಯಿಂದ ಮಾತ್ರ ಹಳ್ಳ ತಾಳುವಷ್ಟೇ ಹೊರಗೆ ಹೋಗುತ್ತದೆ. ಮಳೆ ನಿಂತ ಮೇಲೆ ಮೇಲಿನ ಅಂತಸ್ತು ತಾನಾಗಿ ಬರಿದಾಗಿ, ಮುಂದಿನ ಮಳೆಗೆ ಸಿದ್ಧವಾಗುತ್ತದೆ. ಇದಕ್ಕೂ ಮೇಲೆ, ಬದಿಯ ಗಟ್ಟಿನೆಲದಲ್ಲಿ ಕಡಿದ ಅಗಲವಾದ ಕೋಡಿ. ತುಂಬಿದ ಮಣ್ಣಿನ ಮೇಲೆ ಕೋಡಿಯನ್ನು ಎಂದಿಗೂ ಇಡಬಾರದು. ಒಡ್ಡಿನ ತಲೆ ಆ ಕೋಡಿಯಲ್ಲಿ ನೆರೆ ಹರಿಯುವ ಮಟ್ಟಕ್ಕಿಂತಲೂ ಸಾಕಷ್ಟು ಮೇಲಿರಬೇಕು.

ಕಟ್ಟುವ ರೀತಿಯೂ ಮುಖ್ಯ. ಬೈಲಹೊಂಗಲದ ಎರೆಮಣ್ಣು ನೀರನ್ನು ಸೋರಗೊಡದು; ಆದರೆ ಒಣಗಿದರೆ ಬಿರಿಯುತ್ತದೆ. ಆದುದರಿಂದ ಅದು ಒಡ್ಡಿನ ಗರ್ಭದಲ್ಲಿರಲಿ, ಹೊರಮೈಗೆ ಗರಸು ಬೀಳಲಿ. ಆ ಗರ್ಭವನ್ನು ನೆಲದಡಿಯ ಗಟ್ಟಿಪದರದ ವರೆಗೆ ಕಂದಕ ತೋಡಿ ಇಳಿಸಬೇಕು. ಮಣ್ಣನ್ನು ಆರಂಗುಲದ ಪದರಗಳಲ್ಲಿ ಹರಡಿ, ಹದವಾಗಿ ನೀರುಣಿಸಿ, ತುಳಿಸಬೇಕು. ಹಿಂದೆ ದನಗಳ ಕಾಲು ಮಾಡುತ್ತಿದ್ದ ಈ ಕೆಲಸವನ್ನು ಈಗ ಕುರಿಗೊರಸಿನ ರೋಲರು ಮಾಡುತ್ತದೆ. ಒಳಮೈಗೆ ಕಲ್ಲುಹೊದಿಕೆ, ಹೊರಮೈಗೆ ಹುಲ್ಲು, ಗಿಡಮರಗಳು ಬೇಡ. ಬೇರು ಕೊಳೆತ ದಾರಿಯಲ್ಲಿಯೂ ಇಲಿ ಏಡಿಗಳ ಬಿಲದಲ್ಲಿಯೂ ನೀರು ಸುಳಿಯುತ್ತದೆ. ಕೊಳವೆಯ ಸುತ್ತಣ ಮಣ್ಣನ್ನಂತೂ ವಿಶೇಷವಾಗಿ ಧಮ್ಮಸ್ಸು ಮಾಡಬೇಕು. ಈಸುವ ಕಡೆಗೆ ಮೆಟ್ಟಿಲೂ ಆಳದ ಕಡೆಗೆ ಬೇಲಿಯೂ ಇರಲಿ.

ಇಷ್ಟಾದರೂ ಇಂಥ ಒಡ್ಡುಗಳು ದೊಡ್ಡ ನೆರೆಯನ್ನು ನಿಲ್ಲಿಸುತ್ತವೆಂದು ನಾನು ಹೇಳಲಾರೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ನೀರನ್ನು ಹೊರಬಿಡಬೇಕಾಯಿತು. ರಾಮದುರ್ಗದ ನದಿದಂಡೆಯ ಓಣಿಗಳೂ ಸುತ್ತಣ ಹಳ್ಳಿಗಳೂ ಜಲಾವೃತವಾದುವು. ಅಂಥ ಪ್ರವಾಹದ ಮುಂದೆ ಹತ್ತು ಎಕರೆಯ ಕೊಳ ಎಷ್ಟರದು? ಅದು ಕಾಯುವುದು ತನ್ನ ಹಳ್ಳವನ್ನು, ತನ್ನ ಕೆಳಗಿನ ನಾಲ್ಕು ಹೊಲಗಳನ್ನು. ಅದನ್ನು ಮಾಡಿದರೆ ಸಾಕು. ಆದರೆ ದೊಡ್ಡ ಜಲಾಶಯಕ್ಕೂ ಸಣ್ಣ ಕೊಳಕ್ಕೂ ನಿಯಮ ಒಂದೇ: ತುಂಬುವ ಆಸೆಯ ಜತೆಗೆ ತೆರವಿನ ವಿವೇಕವೂ ಇರಬೇಕು.

ದೊಡ್ಡ ಅಣೆಕಟ್ಟುಗಳಿಗೆ 2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮದ ಕಾವಲುಂಟು. ಅದು ಹದಿನೈದು ಮೀಟರಿಗಿಂತ ಎತ್ತರವಾದುವಕ್ಕೂ, ಕೆಲವು ಲಕ್ಷಣಗಳಿದ್ದರೆ ಹತ್ತು ಮೀಟರು ಮೀರಿದುವಕ್ಕೂ ಅನ್ವಯಿಸುತ್ತದೆ. ಹನ್ನೆರಡು ಅಡಿಯ ಒಡ್ಡು ಅದರ ಕಣ್ಣಿಗೆ ಬೀಳದು. ಹೊಲ ತನ್ನದಾದರೂ ಹಳ್ಳ ತನ್ನದಲ್ಲವಾದುದರಿಂದ ಅಧಿಕಾರಿಗಳ ಅನುಮತಿಯನ್ನೂ ಇಂಜಿನಿಯರರ ಸಲಹೆಯನ್ನೂ ಪಡೆಯುವುದು ಅವಶ್ಯ. ಆದರೆ ಮಳೆಯ ರಾತ್ರಿ ಒಡ್ಡಿನ ಬಳಿ ಅವರಾರೂ ಇರುವುದಿಲ್ಲ. ಇರುವವನು ಕೆಳಗಿನ ಹೊಲದವನು.

ನಮ್ಮ ಮಾವನವರು ಎರಡು ಬೇಸಗೆ ಆ ರೈತನ ಹೊಲಕ್ಕೆ ಮಣ್ಣು ಹೊಡೆಸಿದರು. ಆಮೇಲೆಯೇ ತಮ್ಮ ಒಡ್ಡನ್ನು ಮತ್ತೆ ಕಟ್ಟಿಸಿದರು. ಕೋಡಿ ಈಗ ಮೊದಲಿನ ಎರಡರಷ್ಟು ಅಗಲವಾಗಿದೆ. ಅದರ ಬಾಯಲ್ಲಿ ಮಟ್ಟದ ಕಲ್ಲೊಂದನ್ನು ನೆಡಿಸಿ, ಅದರ ಮೇಲೆ ಏನನ್ನಾದರೂ ಇಡಬೇಕಾದರೆ ಕೆಳಗಿನ ಹೊಲದವನ ಒಪ್ಪಿಗೆ ಬೇಕೆಂದು ಮಾತು ಕೊಟ್ಟಿದ್ದಾರೆ. ಮುಂಗಾರಿಗೆ ಮೊದಲು ಇಬ್ಬರೂ ಕೂಡಿ ಒಡ್ಡಿನ ಮೇಲೆ ನಡೆದು ಬಿರುಕು ಬಿಲಗಳನ್ನು ನೋಡುತ್ತಾರೆ. ಕಳೆದ ಬೇಸಗೆ ನಾನು ಹೋದಾಗ ನೀರು ಮೊದಲಿಗಿಂತ ಎರಡಡಿ ಕೆಳಗಿತ್ತು. ಆ ರೈತನ ಮಕ್ಕಳೂ ಅದರಲ್ಲಿ ಈಸುತ್ತಿದ್ದರು.