ಬೆಂಗಳೂರು–ಮಂಗಳೂರು: ವಿಮಾನದ ಒಂದು ಗಂಟೆಯ ನಿಜವಾದ ಲೆಕ್ಕ

ಬೆಂಗಳೂರಿಂದ ಮಂಗಳೂರಿಗೆ ಎಷ್ಟು ದೂರ? ಕಾರಲ್ಲಿ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಸುಮಾರು 350 ಕಿ.ಮೀ. ಹಾಗೇ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 300ಕ್ಕಿಂತ ಸ್ವಲ್ಪ ಹೆಚ್ಚು. ಗಮನಿಸಿ, ವಿಮಾನ ಹತ್ತಿದರೆ ಉಳಿಯೋ ದೂರ ಐವತ್ತು ಕಿ.ಮೀ. ಆಸುಪಾಸು ಅಷ್ಟೇ. ಆದರೆ ರಸ್ತೆಗೆ ಏಳೆಂಟು ಗಂಟೆ ಬೇಕು, ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಅಂತ ಇರುತ್ತೆ.

ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ನಮ್ಮ ಪಶ್ಚಿಮ ಘಟ್ಟ. ರೈಲು ಹಳಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಇಳಿಜಾರು. ಅಲ್ಲಿ ರೈಲು ನಿಧಾನವಾಗಿ ಇಳಿಯಲೇಬೇಕು.

ಈಗ ವಿಮಾನಕ್ಕೆ ಬರೋಣ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹಾರಬಲ್ಲದು. ಆ ಲೆಕ್ಕದಲ್ಲಿ 300 ಕಿ.ಮೀ.ಗೆ 23 ನಿಮಿಷ ಸಾಕು. ಹಾಗಾದರೆ ಒಂದು ಗಂಟೆ ಯಾಕೆ?

ಟಿಕೆಟ್‌ನಲ್ಲಿರೋ ಸಮಯ ಬರೀ ಹಾರಾಟದ್ದಲ್ಲ. ವಿಮಾನ ನಿಂತ ಜಾಗ ಬಿಟ್ಟ ಕ್ಷಣದಿಂದ, ಇನ್ನೊಂದು ಊರಲ್ಲಿ ಬಂದು ನಿಲ್ಲೋವರೆಗಿನ ಲೆಕ್ಕ ಅದು. ರನ್‌ವೇ ತಲುಪೋಕೇ ಹತ್ತು ಹದಿನೈದು ನಿಮಿಷ ಹಿಡಿಯಬಹುದು. ಮೇಲೇರುವಾಗ ಪೂರ್ತಿ ವೇಗ ಸಿಗಲ್ಲ. ಇಳಿಯೋದಕ್ಕೂ ಪೈಲಟ್‌ಗಳ ಒಂದು ಸರಳ ಲೆಕ್ಕ ಇದೆ: ಸಾವಿರ ಅಡಿ ಇಳಿಯೋಕೆ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿ.ಮೀ. ಬೇಕು. 25 ಸಾವಿರ ಅಡಿಯಿಂದ ಇಳಿಯೋಕೆ ಹೆಚ್ಚುಕಡಿಮೆ 140 ಕಿ.ಮೀ. ಹೆಚ್ಚುಕಡಿಮೆ ಅರ್ಧ ದಾರಿ ಇಳಿಯೋದರಲ್ಲೇ ಮುಗೀತು! ಅದಕ್ಕೇ ನೀರಿನ ಬಾಟಲಿ ಮುಚ್ಚಳ ತೆಗೆಯೋ ಹೊತ್ತಿಗೆ 'ಇಳಿಯುತ್ತಿದ್ದೇವೆ, ಬೆಲ್ಟ್ ಹಾಕಿಕೊಳ್ಳಿ' ಅನ್ನೋ ಪ್ರಕಟಣೆ ಬರುತ್ತೆ. ರೆಕ್ಕೆಯ ಫ್ಯಾನ್ ಕಣ್ಣಿಗೆ ಕಾಣೋ ಎಟಿಆರ್ ವಿಮಾನವಾದರೆ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಇನ್ನೂ ಹತ್ತು ನಿಮಿಷ ಸೇರಿಸಿಕೊಳ್ಳಿ.

ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ, ವಿಮಾನ ಆಕಾಶದಲ್ಲೇ ಸುತ್ತು ಹೊಡೆಯುತ್ತೆ, ಕೆಲವೊಮ್ಮೆ ಬೇರೆ ಊರಿಗೂ ಹೋಗುತ್ತೆ. ಅದು ನಮ್ಮ ಜೀವ ಕಾಯೋ ನಿರ್ಧಾರ, ಬೇಸರ ಬೇಡ.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ಜಯನಗರದಿಂದ ದೇವನಹಳ್ಳಿಗೆ ಟ್ರಾಫಿಕ್‌ನಲ್ಲಿ ಎರಡು ಗಂಟೆ. ನಿಲ್ದಾಣದಲ್ಲಿ ಒಂದೂವರೆ ಗಂಟೆ. ಪ್ರಯಾಣ ಒಂದು ಗಂಟೆ. ಲಗೇಜ್ ತಗೊಂಡು ಬಜ್ಪೆಯಿಂದ ಪೇಟೆಗೆ ಇನ್ನೊಂದು ಗಂಟೆ. ಒಟ್ಟು ಐದೂವರೆ ಗಂಟೆ. ರಸ್ತೆಗಿಂತ ಉಳಿಯೋದು ಎರಡು ಗಂಟೆ ಆಸುಪಾಸು.

ನಿಮ್ಮ ಮನೆ ಹೆಬ್ಬಾಳದ ಕಡೆಯಿದ್ದು, ಕೆಲಸ ಮಂಗಳೂರು ಪೇಟೆಯಲ್ಲೇ ಇದ್ದರೆ ವಿಮಾನ ಖಂಡಿತ ಲಾಭ. ಹೋಗಬೇಕಾದ್ದು ಉಪ್ಪಿನಂಗಡಿಗೋ ಪುತ್ತೂರಿಗೋ ಆದರೆ ರಾತ್ರಿ ಬಸ್ಸೇ ವಾಸಿ: ಮಲಗಿ ಏಳುವಷ್ಟರಲ್ಲಿ ಊರು ಬಂದಿರುತ್ತೆ. ಊರಿಂದ ಅಮ್ಮನ ಆರೋಗ್ಯ ಸರಿಯಿಲ್ಲ ಅಂತ ಫೋನ್ ಬಂದಾಗ ಗಾಬರಿಯಲ್ಲಿ ಟಿಕೆಟ್ ಹುಡುಕುವ ಮುಂಚೆ, ಈ ಮನೆಯಿಂದ ಮನೆಗಿನ ಲೆಕ್ಕ ಒಮ್ಮೆ ಹಾಕಿ. ಬೇಗ ತಲುಪಿಸುವ ದಾರಿ ಯಾವುದು ಅಂತ ಅದೇ ಹೇಳುತ್ತೆ.